ಲಾಭ, ಎರಡು, ಮೂರು

ಶಿರಾಳಕೊಪ್ಪ ಬಿಟ್ಟ ಬಸ್ಸು ಆನವಟ್ಟಿಯ ದಾರಿ ಹಿಡಿಯುವಷ್ಟರಲ್ಲಿ ನಿರ್ಮಲ ಆ ಮಾತನ್ನು ಬಾಯೊಳಗೆ ಎಷ್ಟೋ ಸಲ ಹೊರಳಿಸಿ ನೋಡಿದ್ದಳು. ನಾಲಿಗೆ ಮೇಲಕ್ಕೆ ಹೋಗುತ್ತಿತ್ತು, ಹಲ್ಲಿನ ಹಿಂಬದಿಗೆ ತಾಗುತ್ತಿತ್ತು, ಅಲ್ಲೇ ನಿಂತುಬಿಡುತ್ತಿತ್ತು. ಇರುವುದು ಎರಡೇ ಅಕ್ಷರ. ಲಾಭ. ಹುಬ್ಬಳ್ಳಿಯಲ್ಲಿ ಬಿ.ಕಾಂ. ಮೊದಲ ವರ್ಷದ ಪರೀಕ್ಷೆಗೆ ಕೂತಾಗ ಇದೇ ಲಾಭದ ಮೇಲೆ ಪುಟಗಟ್ಟಲೆ ಬರೆದು ಬಂದವಳು ಅವಳು. ಬರೆಯುವಾಗ ಏನೂ ಆಗಿರಲಿಲ್ಲ, ಶಾಯಿ ಸುರಿದ ಹಾಗೆ ಸುರಿದಿತ್ತು. ಆದರೆ ಬರೆದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ, ಗಟ್ಟಿಯಾಗಿ, ಸಂತೆಯ ಜನರೆದುರು ಹೇಳಬೇಕಾಗಿ ಬಂದದ್ದು ಇವತ್ತೇ. ಕಿಟಕಿಯಾಚೆ ಮೊದಲ ಮಳೆ ಕುಡಿದ ಗದ್ದೆಗಳು ಕಪ್ಪಗೆ ಮಲಗಿದ್ದವು. ಒಂದು ಗದ್ದೆಯಲ್ಲಿ ಯಾರೋ ಎತ್ತು ನಿಲ್ಲಿಸಿಕೊಂಡು ಆಕಾಶ ನೋಡುತ್ತಿದ್ದರು. ಎತ್ತುಗಳು ಬಸ್ಸು ನೋಡುತ್ತಿದ್ದವು. ಎಲ್ಲರೂ ಏನನ್ನೋ ನೋಡುತ್ತಿರುವಾಗ ತಾನೊಬ್ಬಳೇ ಬಾಯೊಳಗೆ ನೋಡಿಕೊಳ್ಳುತ್ತಿದ್ದೇನೆ ಅನ್ನಿಸಿ ಅವಳಿಗೆ ನಗು ಬಂತು. ಬಂದ ನಗುವನ್ನು ಸೆರಗಿನಲ್ಲಿ ಒರೆಸಿಕೊಂಡಳು. ಹೆಂಗಸರ ಸೀಟಿನಲ್ಲಿ ಒಬ್ಬಳೇ ನಕ್ಕರೆ ಏನು ಅರ್ಥ ಮಾಡಿಕೊಳ್ಳುತ್ತಾರೆ ಎಂಬುದು ಎರಡು ವರ್ಷದಲ್ಲಿ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು.

ಪಕ್ಕದಲ್ಲಿ ಕೂತವಳು ದುರ್ಗಮ್ಮ ಅಂತ. ಹೆಸರು ಕೇಳದೆಯೇ ಹೇಳಿದ್ದಳು. ಶಿರಾಳಕೊಪ್ಪದಲ್ಲಿ ಮಗಳ ಬಾಣಂತನ ಮುಗಿಸಿ ಆನವಟ್ಟಿಯಾಚೆಯ ತನ್ನ ಹಳ್ಳಿಗೆ ಹೊರಟಿದ್ದಳು. ಮಡಿಲಲ್ಲಿ ಕಾಲು ಕಟ್ಟಿದ ಒಂದು ಹುಂಜ. ಅದು ಪ್ರತಿ ತಿರುವಿನಲ್ಲೂ ನಿರ್ಮಲಳ ಮೊಣಕೈಗೆ ಕುಕ್ಕುತ್ತಿತ್ತು.

"ಎಲ್ಲಿಗೆ ಹೊಂಟೀರಿ ಅಮ್ಮಾರೆ?"

"ಆನವಟ್ಟಿಗೆ. ಸಂತೆಗೆ."

"ಮತ್ತೆ ಕೈಚೀಲಾನೇ ಇಲ್ಲ?"

"ತಗೊಳ್ಳಾಕಲ್ಲ, ಮಾರಾಕೆ. ನಮ್ಮ ಮಾವಾರ ಅಂಗಡಿ ಐತಿ ಅಲ್ಲಿ. ನಾನು ಓದ್ತಾ ಇದೀನಿ, ಈಗ ರಜಾ."

"ಓ, ಓದಾದು! ಏನ್ ಓದ್ತೀರಿ?"

"ವ್ಯಾಪಾರ."

ದುರ್ಗಮ್ಮನ ಹೊಟ್ಟೆ ಅಲುಗಾಡತೊಡಗಿತು, ಜೊತೆಗೆ ಹುಂಜವೂ. "ವ್ಯಾಪಾರ ಓದಾದಾ! ಅಯ್ಯೋ ಶಿವನೇ. ಹಂಗಾದ್ರೆ ಈ ಹುಂಜನ್ನೂ ಸಾಲಿಗೆ ಹಾಕ್ತೀನಿ ಬಿಡ್ರಿ. ಕೂಗಾದು ಕಲೀಲಿ."

ನಿರ್ಮಲಳೂ ನಕ್ಕಳು. ಈ ಸಲ ಸೆರಗು ಬೇಕಾಗಲಿಲ್ಲ. ದುರ್ಗಮ್ಮನ ಕಣ್ಣು ಅವಳ ಬರಿಗೈ ನೋಡಿತು, ಹಣೆ ನೋಡಿತು. ಹಣೆಯಲ್ಲಿ ವಿಭೂತಿ ಮಾತ್ರ ಇತ್ತು. ಏನೋ ಕೇಳಲು ಬಾಯಿ ತೆರೆದವಳು, ಹುಂಜದ ಪುಕ್ಕ ಸರಿಮಾಡಿ ಸುಮ್ಮನಾದಳು. ಈ ಸುಮ್ಮನಾಗುವುದನ್ನು ನಿರ್ಮಲ ದೂರದಿಂದಲೇ ಗುರುತಿಸಬಲ್ಲಳು. ಮೊದಮೊದಲು ಅದು ಚುಚ್ಚುತ್ತಿತ್ತು. ಈಗ ಮಂಡಿಯ ಮೇಲೆ ಜೋಮು ಹಿಡಿದ ಜಾಗವನ್ನು ಬೇರೆಯವರು ಮುಟ್ಟಿದ ಹಾಗೆ. ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೆ.

ಹಿಂದಿನ ಸೀಟಿನಲ್ಲಿ ಮಾವ ವೀರಬಸಪ್ಪನವರು ಕಣ್ಣು ಮುಚ್ಚಿ ಕೂತಿದ್ದರು. ಅವರ ಪಕ್ಕ ಮಹೇಶ್ವರಪ್ಪ, ಅವರ ಅಣ್ಣನ ಮಗ, ಅವಳಿಗೆ ವರಸೆಯಲ್ಲಿ ಭಾವ. ದಾವಣಗೆರೆಯ ಹತ್ತಿ ಮಂಡಿಯಲ್ಲಿ ಗುಮಾಸ್ತನಾಗಿದ್ದವನು, ಹೋದ ವರ್ಷ ಬಿಟ್ಟು ಬಂದಿದ್ದ. ಬಂದ ಮೇಲೆ ಅವನ ಅಂಗಿ ಶಿರಾಳಕೊಪ್ಪದವರ ಅಂಗಿಗಳಿಗಿಂತ ಬಿಳಿಯಾಗಿ ಕಾಣುತ್ತಿತ್ತು. ನಿನ್ನೆ ಊಟದ ನಡುವೆ, ಮಜ್ಜಿಗೆಗೆ ಅನ್ನ ಕಲೆಸುತ್ತ, ಮಾವ ಹೇಳಿದ್ದರು. ಮಾತು ಕಡಿಮೆಯ ಮನುಷ್ಯ, ತಟ್ಟೆ ನೋಡಿಕೊಂಡೇ ಹೇಳಿದ್ದರು: "ನಾಳೆ ಆನವಟ್ಟಿ ಅಂಗಡಿ ಗಾದಿ ಮೇಲೆ ನಿರ್ಮಲ ಕೂರ್ಲಿ. ಬಿತ್ತನೆ ಭತ್ತದ ಸಂತೆ. ಜನ ಅವಳ ಬಾಯಿಂದ ಅಳೆಸ್ಕೊಂಡು ಹೋದ್ರೆ ಆ ಅಂಗಡಿ ಅವಳ್ದು. ಉಳಿದ ಓದು ಮುಗಿಸಿ ಬಂದು ಕೂತ್ಕೊಳ್ಳಲಿ. ಅಳೆಸ್ಕೊಳ್ಳದಿದ್ರೆ ಮಹೇಶನ್ದು. ಆಮೇಲೆ ಓದು ಯಾತಕ್ಕೆ?" ಮಹೇಶ್ವರಪ್ಪ ಉಪ್ಪಿನಕಾಯಿ ಚೀಪುವುದನ್ನು ನಿಲ್ಲಿಸಿದ್ದ. ಅತ್ತೆ ರಾಜೇಶ್ವರಮ್ಮ ಸೌಟು ಹಿಡಿದು ನಿಂತೇ ಇದ್ದರು. ಓದು ಇಲ್ಲ, ಅಂಗಡಿ ಇಲ್ಲ ಅಂದ ಮೇಲೆ ಅವಳು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಶಿಕಾರಿಪುರದ ತವರಿನಲ್ಲಿ ಅಣ್ಣ ಅವಳಿಗೆಂದು ಒಂದು ಕೋಣೆ ತೆಗೆದಿಟ್ಟಿದ್ದ. ಹುಣಸೆಹಣ್ಣು ತುಂಬಿಡುವ ಕೋಣೆ. ಕೋಣೆ ತೆಗೆದಿಟ್ಟಿದ್ದನೇ ಹೊರತು ಹುಣಸೆಹಣ್ಣನ್ನು ತೆಗೆದಿರಲಿಲ್ಲ. ಹೋದ ದೀಪಾವಳಿಗೆ ಅಲ್ಲಿ ಮಲಗಿ ಎದ್ದಾಗ ಅವಳ ಕೂದಲೆಲ್ಲ ಹುಳಿಯಾಗಿ ನಾರುತ್ತಿತ್ತು. ಅತ್ತಿಗೆ, "ಪರವಾಗಿಲ್ಲ, ಕೂದಲಿಗೆ ಒಳ್ಳೇದಂತೆ," ಅಂದಿದ್ದಳು.

ಅಂಗಡಿಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಭತ್ತ ಅಳೆಯುವಾಗ ಮೊದಲನೆಯ ಕೊಳಗಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು. ಆರಾದ ಮೇಲೆ ಏಳು ಅನ್ನುವುದಿಲ್ಲ, ಮತ್ತೊಂದು ಅನ್ನುತ್ತಾರೆ. ಅದಾದ ಮೇಲೆ ಎಂಟು. ಅಳೆಯುವವನು ಪುಟ್ಟಪ್ಪ, ಎಣಿಸುವುದೂ ಅವನದೇ ಬಾಯಿ. ಆದರೆ ಆ ಮೊದಲ ಲಾಭ ಮಾತ್ರ ಗಾದಿಯ ಮೇಲಿಂದ ಬರಬೇಕು. ಗಾದಿ ಹೇಳದೆ ಪುಟ್ಟಪ್ಪ ಕೊಳಗ ಮಗುಚುವುದಿಲ್ಲ. ಊಟದ ಭತ್ತಕ್ಕಾದರೆ ಹೇಗೋ ನಡೆದೀತು, ಬಿತ್ತನೆಯ ಭತ್ತಕ್ಕೆ ನಡೆಯುವುದಿಲ್ಲ. ಏಳು ಯಾಕೆ ಅನ್ನಬಾರದು ಅಂತ ಮದುವೆಯಾದ ಹೊಸತರಲ್ಲಿ ಅವಳು ಗಂಡನನ್ನು ಕೇಳಿದ್ದಳು. ಅವನು ಅಂಗಡಿಯಿಂದ ಬಂದು ಕಾಲು ತೊಳೆಯುತ್ತಿದ್ದ. "ಹಾಯಾಗಿ ಗಾದಿ ಮೇಲೆ ಕೂತಿರ್ತೀನಿ. ನಿಮಿಷಕ್ಕೊಂದು ಸಲ ಏಳು, ಏಳು ಅಂದ್ರೆ ಕೂತ್ಕೊಳ್ಳೋದು ಯಾವಾಗ ಮಾರಾಯ್ತಿ?" ಅಂದಿದ್ದ. ಅವನಿಗೆ ಎಣಿಕೆ ಒಂದು ಆಟವಾಗಿತ್ತು. ಮಾಡಿನ ಮೇಲೆ ಕೂತ ಮಂಗಗಳನ್ನೂ ಹಾಗೇ ಎಣಿಸುತ್ತಿದ್ದ. ಮೊದಲ ಮಾತನ್ನು ಎಳೆದು, ದೂರದಲ್ಲಿ ಮೇಯುವ ಹಸುವನ್ನು ಕರೆಯುವವನ ಹಾಗೆ, "ಲಾಆಭ" ಅನ್ನುತ್ತಿದ್ದ. ಅತ್ತೆ ಊರಲ್ಲಿಲ್ಲದ ದಿನ ಅವಳು ಬಡಿಸಲು ನಿಂತರೆ, ಅವನೇ ತಟ್ಟೆ ಹಾಕಿ ಅವಳದಕ್ಕೆ ಬೆರಳು ತೋರಿಸಿ "ಲಾಆಭ" ಅಂದು, ತನ್ನದಕ್ಕೆ "ಎರಡು" ಅನ್ನುತ್ತಿದ್ದ. ಮೂರಕ್ಕೆ ಕಾಯುತ್ತಿದ್ದೇವೆ ಎಂಬ ಹಾಗೆ ಒಮ್ಮೆ ಅವಳ ಹೊಟ್ಟೆ ನೋಡಿ ನಗುತ್ತಿದ್ದ. ಮೂರು ಬರಲಿಲ್ಲ. ಕ್ಯಾಸನೂರಿನ ಕಡೆ ಭತ್ತ ನೋಡಿ ಬರುತ್ತೇನೆಂದು ಹೋದವನು, ಕಾಡಂಚಿನಲ್ಲಿ ನಾಲ್ಕು ದಿನ ಇದ್ದು, ಜ್ವರ ಹೊತ್ತುಕೊಂಡು ಬಂದ. ಆ ವರ್ಷ ಅಲ್ಲಿ ಮಂಗಗಳು ಮರದಿಂದ ಬಿದ್ದು ಸಾಯುತ್ತಿದ್ದವು. ಆಮೇಲೆ ಪುಣೆಯಿಂದ ಡಾಕ್ಟರುಗಳು ಬಂದರು. ಮಂಗಗಳ ಬಗ್ಗೆ ಬಹಳ ಕೇಳಿದರು. ಹೀಗೆ ಎರಡು ಹೋಯಿತು, ಲಾಭ ಉಳಿಯಿತು.

ಬಸ್ಸು ಎಲ್ಲೋ ನಿಂತಿತು. ಡ್ರೈವರು ಇಳಿದು ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದ. ಆವಿ ಎದ್ದದ್ದು ನೋಡಿ ದುರ್ಗಮ್ಮ, "ಅನ್ನ ಬೆಂತು," ಅಂದಳು. ಹುಬ್ಬಳ್ಳಿಯಲ್ಲಿ ಎಕನಾಮಿಕ್ಸ್ ಮೇಷ್ಟ್ರು ಕ್ಲಾಸಿಗೆ ಬಂದವರೇ "ಜಂಟಲ್‌ಮೆನ್" ಅನ್ನುತ್ತಿದ್ದರು. ಒಂದು ಕ್ಷಣ ತಡೆದು, ಮುಂದಿನ ಬೆಂಚಿನ ತುದಿಯಲ್ಲಿ ಒಬ್ಬಳೇ ಕೂತವಳ ಕಡೆ ನೋಡಿ, "ಅಂಡ್ ಲೇಡಿ" ಅಂತ ಸೇರಿಸುತ್ತಿದ್ದರು, ಮರೆತ ಕೊಡೆಗೆ ವಾಪಸು ಬಂದವರ ಹಾಗೆ. ಭೂಮಿಗೆ ಗೇಣಿ, ದುಡಿದವನಿಗೆ ಕೂಲಿ, ಹಾಕಿದ ಬಂಡವಾಳಕ್ಕೆ ಬಡ್ಡಿ. ಎಲ್ಲರಿಗೂ ಕೊಟ್ಟು ಮುಗಿದ ಮೇಲೆ ತಳದಲ್ಲಿ ಏನಾದರೂ ಉಳಿದಿದ್ದರೆ ಅದು ವ್ಯಾಪಾರಕ್ಕೆ ಕೈಹಾಕಿದ ಸಾಹಸಿಗೆ, ಅದೇ ಲಾಭ, ಅಂತ ಅವರು ಪಾಠ ಮಾಡಿದ ದಿನ ಅವಳು ಎದ್ದು ನಿಂತಿದ್ದಳು. ಯಾಕೆ ನಿಂತಳೋ. "ಸರ್, ನಮ್ಮ ಕಡೆ ಲಾಭ ಮೊದಲೇ ಬರ್ತದೆ. ಅಲ್ಲಿಂದಲೇ ಎಣಿಕೆ ಶುರು." ಇಡೀ ಕ್ಲಾಸು ನಕ್ಕಿತು. ಮೇಷ್ಟ್ರೂ ನಕ್ಕು, "ಹಾಗಿದ್ದರೆ ನಿಮ್ಮ ಊರಿಗೆ ನನಗೂ ಒಂದು ಟಿಕೇಟು ತೆಗೆಸಿಕೊಡಿ," ಅಂದರು. ಮಾರನೆಯ ದಿನದಿಂದ ಅವಳು ಲಾಭಕ್ಕ. ಹುಡುಗರು ಬೆನ್ನ ಹಿಂದೆ ಅನ್ನುತ್ತಿದ್ದರು, ಆದರೆ ಕೇಳುವಷ್ಟು ಗಟ್ಟಿಯಾಗಿ. ಅವಮಾನವಾಗಬೇಕಿತ್ತು. ಆಗದೆ, ಒಳಗೊಳಗೇ ಖುಷಿಯಾಗಿತ್ತು. ಅಲ್ಲಿಯವರೆಗೆ ಅವಳು ಹಾದುಹೋದರೆ ಅವರು ದನಿ ತಗ್ಗಿಸುತ್ತಿದ್ದರು, ಆಸ್ಪತ್ರೆಯಲ್ಲಿ ತಗ್ಗಿಸುವ ಹಾಗೆ. ಅಡ್ಡಹೆಸರು ಇಟ್ಟ ಮೇಲೆ ದನಿ ತಗ್ಗಿಸುವುದು ಬಿಟ್ಟರು.

ತೊಂದರೆಯಾದದ್ದು ಬೇರೆ ಕಡೆ. ಹುಬ್ಬಳ್ಳಿಯಲ್ಲಿ ಅವಳು ಇದ್ದದ್ದು ಅತ್ತೆಯ ತಂಗಿಯ ಮನೆಯಲ್ಲಿ. ಒಳ್ಳೆಯ ಹೆಂಗಸು, ಬೆಳಿಗ್ಗೆ ಕಾಲೇಜಿಗೆ ಹೊರಟರೆ ಡಬ್ಬಿಗೆ ಎರಡು ರೊಟ್ಟಿ ಹೆಚ್ಚೇ ಹಾಕುವವಳು. ಒಂದು ಮಧ್ಯಾಹ್ನ ಇಬ್ಬರೂ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ, ಒಂದು ಹುಳುಕು ಕಾಳನ್ನು ಆಚೆ ಎಸೆಯುತ್ತ ಅಂದಿದ್ದಳು: "ಒಂದ್ ಲೆಕ್ಕದಾಗ ನಿನಗ ಲಾಭನ ಆತು ಬಿಡವಾ. ಅಂವ ಇದ್ದಿದ್ರ ನೀ ಎಲ್ಲಿ ಕಾಲೇಜು ನೋಡ್ತಿದ್ದಿ?" ಆಗ ನಿರ್ಮಲ ಮಾಡಿದ್ದಿಷ್ಟೇ. ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿ, "ಹೌದ್ರಿ ಅತ್ತಿ," ಅಂದಳು. ಅದೇ ಅವಳನ್ನು ಬಿಡಲಿಲ್ಲ. ಹೌದ್ರಿ ಅಂದದ್ದು. ಮಾತು ನಿಜವಾಗಿತ್ತು ಎನ್ನುವುದಕ್ಕಿಂತ, ಹೌದ್ರಿ ಅನ್ನುವಾಗ ತನ್ನ ದನಿ ಎಷ್ಟು ಹಗುರವಾಗಿತ್ತು ಎನ್ನುವುದು. ಹಾಗೆ ನೋಡಿದರೆ ಗಂಡನ ವರ್ಷಾಂತಿಕ ಮುಗಿದ ಮೇಲೆ ಮಾವ ಕರೆದು, "ಮುಂದೆ ಏನು ಮಾಡ್ತೀಯವ್ವ?" ಅಂದಾಗಲೂ ಹೀಗೇ ಆಗಿತ್ತು. ಅವರ ಬಾಯಲ್ಲಿ ಇನ್ನೂ "ವ್ವ" ಇರುವಾಗಲೇ "ಓದ್ತೀನಿ" ಅಂದುಬಿಟ್ಟಿದ್ದಳು. ಅಷ್ಟು ಬೇಗ! ಒಳಗೆ ಸಿದ್ಧಮಾಡಿ ಇಟ್ಟುಕೊಂಡಿದ್ದವಳ ಹಾಗೆ. ಯಾವಾಗ ಸಿದ್ಧಮಾಡಿದೆ? ಅವನು ಇರುವಾಗಲೇ? ಅವರೆಕಾಯಿಯ ಆ ಮಧ್ಯಾಹ್ನದಿಂದ ಆ ಎರಡಕ್ಷರ ಅವಳ ಬಾಯಲ್ಲಿ ಬರುವುದು ನಿಂತುಹೋಯಿತು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ದಾಟಿಕೊಂಡಳು. ಮನೆಯಲ್ಲಿ ಮಾತಾಡುವವರೇ ಕಡಿಮೆ. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಹೊರಡುವಾಗ ಅತ್ತೆ ಬಾಗಿಲಿನವರೆಗೆ ಬಂದು ಸೆರಗು ಸರಿಮಾಡಿ, ಮೆಲ್ಲಗೆ ಅಂದಿದ್ದರು: "ಲಾಭ ಅನ್ನೋದೊಂದು ಮಹೇಶನ ಕೈಲಿ ಅನ್ನಿಸಿಬಿಡವ್ವ. ಉಳಿದದ್ದೆಲ್ಲ ನೀನೇ ನೋಡ್ಕೋ. ನಾನೇನೂ ಅನ್ನಲ್ಲ, ಜನದ ಬಾಯಿ." ಪ್ರೀತಿಯಿಂದಲೇ ಅಂದದ್ದು. ಗಂಡ ಸತ್ತವಳ ಬಾಯಿಂದ ಬಿತ್ತನೆಗೆ ಲಾಭ ಹೇಳಿಸಿಕೊಳ್ಳುವವರು ಯಾರು? ಆ ಪ್ರೀತಿಯನ್ನು ಒಪ್ಪಿಕೊಂಡರೆ ತನ್ನ ನಾಲಿಗೆಯ ಕಷ್ಟವೂ ತಪ್ಪುತ್ತಿತ್ತು. ಆದರೆ ಲಾಭ ಹೇಳಿದವನದೇ ಗಾದಿ, ಅಷ್ಟು ಲೆಕ್ಕ ಅವಳಿಗೂ ಬರುತ್ತಿತ್ತು. ತಮಾಷೆ ಅಂದರೆ, ಅತ್ತೆ ಹೆದರಿದ್ದು ಜನರ ಕಿವಿಗೆ. ತನಗೆ ಹೆದರಿಕೆ ಇದ್ದದ್ದು ತನ್ನ ಬಾಯಿಗೆ.

ಆನವಟ್ಟಿಯಲ್ಲಿ ಇಳಿದಾಗ ಸಂತೆ ಆಗಲೇ ತುಂಬಿತ್ತು. ದುರ್ಗಮ್ಮ ಹುಂಜವನ್ನು ಕಂಕುಳಿಗೆ ಸೇರಿಸಿ, "ಮಾರಿದ್ಮೇಲೆ ನಿಮ್ಮಂಗಡಿಗೇ ಬರ್ತೀನಿ, ನಂಗೂ ಬಿತ್ತನೆ ಬೇಕು," ಅಂದು ಜನರಲ್ಲಿ ಕರಗಿದಳು. ಪುಟ್ಟಪ್ಪ ಮೊದಲೇ ಬಂದು ಅಂಗಡಿ ಗುಡಿಸಿ, ಭತ್ತದ ರಾಶಿ ಮಾಡಿ, ರಾಶಿಯ ನೆತ್ತಿಗೆ ಒಂದು ಹೂವು ಸಿಕ್ಕಿಸಿದ್ದ. ಗಾದಿ ಅಂದರೆ ಏನೋ ದೊಡ್ಡದು ಅಂದುಕೊಂಡಿದ್ದಳು. ಹತ್ತಿ ಗಂಟುಗಂಟಾದ ಒಂದು ಹಾಸಿಗೆ, ಅದರ ಮೇಲೆ ಬಿಳಿಯ ಬಟ್ಟೆ, ನಡುವೆ ಒಂದು ಗುಳಿ. ಗುಳಿ ಮಾವನದೋ ಗಂಡನದೋ ಗೊತ್ತಾಗಲಿಲ್ಲ. ಅದರೊಳಗೆ ಕೂತಳು. ಅವಳಿಗೆ ಅದು ದೊಡ್ಡದಾಯಿತು, ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗೆ. ಮಾವ ರಸ್ತೆ ದಾಟಿ ಎದುರಿನ ಹೋಟೆಲಿನ ಬೆಂಚಿನ ಮೇಲೆ, ಅಂಗಡಿ ಕಾಣುವ ಹಾಗೆ ಕೂತರು. ಮಹೇಶ್ವರಪ್ಪ ಹೋಗಲಿಲ್ಲ. ಗಾದಿಯ ಹಿಂದಿನ ಕಂಬಕ್ಕೆ ಒರಗಿ ನಿಂತ.

"ನಾನಿರ್ತೀನಿ ಬಿಡಮ್ಮ. ಮೊದಲನೇ ದಿನ. ಎಲ್ಲಾದ್ರೂ ತೊಡಕಾದ್ರೆ ಹೇಳು."

"ಆಗ್ಲಿ ಭಾವ."

"ದಾವಣಗೆರೆಯಲ್ಲಾದ್ರೆ ಎಲ್ಲ ತಕ್ಕಡಿ. ಹಾಕು, ಎತ್ತು, ಬರಿ. ಇನ್ನೇನು ಇಲ್ಲಿಗೂ ಕಿಲೋಗ್ರಾಮು ಬರ್ತದಂತೆ. ಆಗ ಈ ಲಾಭ ಗೀಭ ಏನೂ ಇರಲ್ಲ."

ಹಾಗಾದರೆ ಇನ್ನು ಸ್ವಲ್ಪ ದಿನ ತಡೆದು ಪರೀಕ್ಷೆ ಮಾಡಬಹುದಿತ್ತಲ್ಲ ಮಾವ ಅನ್ನಿಸಿತು ಅವಳಿಗೆ. ಸರ್ಕಾರ ಒಂದು ಕಾನೂನು ತರುವವರೆಗೆ ನಾಲಿಗೆಯನ್ನು ಹೇಗಾದರೂ ಕಾಪಾಡಿಕೊಂಡಿದ್ದರೆ ಸಾಕಿತ್ತು.

ಜನ ಬಂದರು, ರಾಶಿಯಿಂದ ಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿದರು, ಗಾದಿಯ ಮೇಲೆ ಕೂತವಳನ್ನು ನೋಡಿದರು, ಆಮೇಲೆ ಕಂಬಕ್ಕೆ ಒರಗಿದವನನ್ನು ನೋಡಿದರು. "ಹಿಂಗೆ ಒಂದು ಸುತ್ತು ಹಾಕ್ಕೊಂಡು ಬರ್ತೀವಿ," ಅಂದು ಹೋದರು. ಸುತ್ತು ಹಾಕಿದವರು ಯಾರೂ ವಾಪಸು ಬರಲಿಲ್ಲ. ಪಕ್ಕದ ಅಂಗಡಿಯಲ್ಲಿ ಲಾಭ, ಎರಡು, ಮೂರು ನಡೆದೇ ಇತ್ತು. ಎಷ್ಟು ಸುಲಭವಾಗಿ ಅನ್ನುತ್ತಿದ್ದ ಆ ಮನುಷ್ಯ, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ! ಬಿಸಿಲು ಒಂದು ಮೆಟ್ಟಿಲು ಏರಿತು. ಪುಟ್ಟಪ್ಪ ರಾಶಿಯ ಮೇಲಿನ ಹೂವನ್ನು ನೆರಳಿಗೆ ತಿರುಗಿಸಿ ಇಟ್ಟ. ಎದುರಿನ ಬೆಂಚಿನಲ್ಲಿ ಮಾವನ ಟೀ ಲೋಟ ಖಾಲಿಯಾಗಿ ಬಹಳ ಹೊತ್ತಾಗಿತ್ತು. ಅವರು ಅದನ್ನು ಹಾಗೇ ಹಿಡಿದು ಕೂತಿದ್ದರು.

"ಇಗೋ, ಇಲ್ಲೇ ಐತಲ್ಲ ಅಂಗಡಿ! ಓದಿರೋ ಅಂಗಡಿ!" ದುರ್ಗಮ್ಮ. ಕಂಕುಳಲ್ಲಿ ಹುಂಜ ಇರಲಿಲ್ಲ. ಅವಳ ಹಿಂದೆ ಖಾಲಿ ಚೀಲ ಹೊತ್ತ ಸಣ್ಣಪ್ಪ, ಅವಳ ಮೈದುನ. "ಹುಂಜ ಹೋತ್ರಿ ಅಮ್ಮಾರೆ. ಸಾಲಿ ಕಲಿಯೋ ಯೋಗ ಇರ್ಲಿಲ್ಲ ಅದಕ್ಕೆ. ಎಲ್ಲಿ, ಎಂಟು ಕೊಳಗ ಹಾಕ್ಸಿ ಬೇಗ. ಗಾಡಿ ಕಾಯ್ತದೆ."

ಪುಟ್ಟಪ್ಪ ಕೊಳಗ ತುಂಬಿದ. ಅಂಗೈಯಿಂದ ಮೇಲ್ಮೈ ಸವರಿ, ಎದೆಯ ಮಟ್ಟಕ್ಕೆ ಎತ್ತಿ, ಗಾದಿಯ ಕಡೆ ನೋಡಿದ. ಸಣ್ಣಪ್ಪ ಚೀಲದ ಬಾಯಿ ಅಗಲ ಮಾಡಿ ಹಿಡಿದ. ನಿರ್ಮಲ ಬಾಯಿ ತೆರೆದಳು. ನಾಲಿಗೆ ಮೇಲಕ್ಕೆ ಹೋಯಿತು, ಹಲ್ಲಿನ ಹಿಂಬದಿಗೆ ತಾಗಿತು. ಎಲ್ಲಿಂದಲೋ ಅವರೆಕಾಯಿಯ ಸೊಗಡು ಬಂತು.

"ಒಂದು," ಅಂದಳು.

ಪುಟ್ಟಪ್ಪ ಕೊಳಗವನ್ನು ಚೀಲಕ್ಕಲ್ಲ, ವಾಪಸು ರಾಶಿಗೇ ಸುರಿದ. ಕಾಳು ಸರಸರ ಜಾರಿ ಹೂವನ್ನು ಕೆಡವಿತು.

"ಅಯ್ಯ, ಏನ್ರೀ ಅಮ್ಮಾರೆ!" ದುರ್ಗಮ್ಮ ಸೊಂಟಕ್ಕೆ ಕೈ ಇಟ್ಟಳು. "ಬಿತ್ತನೆಗೆ ಒಂದು ಅಂತಾರಾ? ನನ್ನ ಗದ್ದೇಲಿ ಒಂದೇ ಒಂದು ಸಸಿ ಬರ್ಲಿ ಅಂತನಾ?"

ಆಚೀಚೆಯವರು ನಕ್ಕರು, ನಿಂತರು. ಸಂತೆಯಲ್ಲಿ ಜನ ನಿಲ್ಲುವುದಕ್ಕೆ ಅಷ್ಟು ಸಾಕು. ಪುಟ್ಟಪ್ಪ ಮತ್ತೆ ಕೊಳಗ ತುಂಬಿ ಎತ್ತಿದ. ಈ ಸಲ ಅವಳ ಬಾಯಿ ತೆರೆಯಲೇ ಇಲ್ಲ. ಅವಳಿಗೆ ಕಿವಿಯ ಬಳಿ ಬೆವರು ಇಳಿಯುವುದು ಗೊತ್ತಾಗುತ್ತಿತ್ತು. ಅದನ್ನು ಒರೆಸಿದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಬಿಟ್ಟಳು. "ಅಮ್ಮಾರಿಗೆ ಗಂಟಲು ಕಟ್ಟೈತಿ," ಅಂದನೊಬ್ಬ. "ಬೆಲ್ಲ ನೀರು ಕೊಡ್ರಿ." "ಕಾಲೇಜಿನಾಗ ಒಂದರಿಂದ ಕಲಿಸ್ತಾರೇನೋ." ಪುಟ್ಟಪ್ಪ ಕೊಳಗ ಇಳಿಸದೆ ಹಿಡಿದೇ ಇದ್ದ. ತುಂಬಿದ ಕೊಳಗದ ಅಂಚಿನಿಂದ ಒಂದೊಂದೇ ಕಾಳು ಬೀಳುತ್ತಿತ್ತು. ಬೀಳುವ ಕಾಳನ್ನೇ ಅವಳು ನೋಡುತ್ತಿದ್ದಳು.

ಕಂಬದ ಬಳಿಯಿಂದ ಮಹೇಶ್ವರಪ್ಪ ಮುಂದೆ ಬಂದ. "ನಾನು ಹೇಳ್ತೀನಿ ಬಿಡ್ರಿ. ತಪ್ಪು ತಿಳ್ಕೋಬೇಡಿ. ಅವರು ಅದನ್ನ ಹೇಳೋ ಹಾಗಿಲ್ಲ."

"ಯಾಕೆ? ಏನಾಗ್ಯದೆ ಅವ್ರಿಗೆ?" ಅಂದಳು ದುರ್ಗಮ್ಮ.

"ಅವರಿಗೆ... ನಮ್ಮ ತಮ್ಮ ಇಲ್ಲ." ಮಹೇಶ್ವರಪ್ಪ ದನಿ ತಗ್ಗಿಸಿದ.

ಸುತ್ತಲಿದ್ದವರು ಗಾದಿಯಿಂದ ಕಣ್ಣು ತೆಗೆದರು. ನಿರ್ಮಲ ಕಾದಳು, ದುರ್ಗಮ್ಮ ಬಸ್ಸಿನಲ್ಲಿ ಸುಮ್ಮನಾದ ಹಾಗೆ ಈಗಲೂ ಸುಮ್ಮನಾಗಿ ಚೀಲ ಮಡಚುವುದಕ್ಕೆ. ದುರ್ಗಮ್ಮ ಮಾತ್ರ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಂಗೂ ಇಲ್ಲ ಗಂಡ. ಅದಕ್ಕೂ ಭತ್ತಕ್ಕೂ ಏನ್ ಮಾರಾಯ್ರ? ಹೋದ ವರ್ಷ ಗದ್ದೆಗೆ ಮೊದಲ್ನೇ ಕಾಳು ಹಾಕಿದೋಳು ನಾನೇ. ಅದು ನನ್ನ ಹಣೆ ನೋಡ್ಲೇ ಇಲ್ಲ, ಸುಮ್ನೆ ಮೊಳಕೆ ಬಂತು." ಗಾದಿಯ ಕಡೆ ತಿರುಗಿದಳು. ಅವಳ ದನಿಯಲ್ಲಿ ಕನಿಕರ ಇರಲಿಲ್ಲ, ಗಾಡಿ ತಪ್ಪುವ ಸಿಡುಕಿತ್ತು. "ನೀವು ಅನ್ರಿ ಅತ್ಲಾಗೆ. ಅದ್ಯಾಕೆ ಅಷ್ಟು ಯೋಚ್ನೆ ಮಾಡ್ತೀರಿ? ಲಾಭ ಏನು ನಿಮ್ದಾ? ನಂದು ಕಣ್ರೀ! ತಗೊಂಡು ಹೋಗೋಳು ನಾನು!"

ನಂದಲ್ಲ. ನಿರ್ಮಲಳಿಗೆ ಅದು ಬಹಳ ಸರಳವಾದ ಮಾತಾಗಿ ಕೇಳಿಸಿತು, ಬಸ್ಸಿನಲ್ಲಿ ಮರೆತ ಗಂಟನ್ನು ಯಾರೋ ತಮ್ಮದೆಂದು ಎತ್ತಿಕೊಂಡ ಹಾಗೆ. ಇಷ್ಟು ದಿನ ಮಡಿಲಲ್ಲಿಟ್ಟುಕೊಂಡು ಕೂತಿದ್ದೆನಲ್ಲ. ಹಾಗಂತ ಹಗುರವೇನೂ ಆಗಲಿಲ್ಲ. ಹಗುರವಾಗುವುದು, ಭಾರವಾಗುವುದು ಅವಳಿಗೆ ಈಚೆಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಅಡಿಗೆಮನೆಯ ನೆಲದ ಮೇಲೆ ಎರಡು ತಟ್ಟೆ ಕಂಡವು. ಒಂದಕ್ಕೆ ಯಾರೋ ಬೆರಳು ತೋರಿಸುತ್ತಿದ್ದರು. ಅಲ್ಲಿ ಅದರ ಅರ್ಥ ಗೇಣಿಯಲ್ಲ, ಬಡ್ಡಿಯಲ್ಲ, ತಳದಲ್ಲಿ ಉಳಿದದ್ದೂ ಅಲ್ಲ. ಒಂದು. ಬರೀ ಒಂದು. ಮೊದಲನೆಯ ತಟ್ಟೆ, ಅವಳದು.

"ಲಾಆಭ," ಅಂದಳು.

ಎಳೆದು ಅಂದಿದ್ದಳು, ದೂರದಲ್ಲಿ ಮೇಯುವ ಹಸುವನ್ನು ಕರೆಯುವ ಹಾಗೆ. ಅನ್ನಬೇಕೆಂದು ಅಂದದ್ದಲ್ಲ, ಅದು ಹಾಗೇ ಬಂತು. ಪುಟ್ಟಪ್ಪ ತಲೆ ಎತ್ತಿ ಒಂದು ಸಲ ಅವಳ ಮುಖ ನೋಡಿದ. ತೀರಿಹೋದ ಚಿಕ್ಕ ಸಾವ್ಕಾರರ ರಾಗ ಅವನಿಗೂ ಗೊತ್ತಿತ್ತು. ಆಮೇಲೆ "ಲಾಭ!" ಎಂದು ಚೀಲಕ್ಕೆ ಸುರಿದ. ಕಾಳು ಬಿದ್ದ ಸದ್ದು ದೊಡ್ಡದಾಗಿ ಕೇಳಿತು.

"ಎರಡು." ಪುಟ್ಟಪ್ಪನ ಕೈ ಈಗ ಹಗುರಾಗಿತ್ತು. "ಮೂರು." ಹಿಂದೆ ನಿಂತಿದ್ದ ಒಬ್ಬ ರೈತ ಹೆಗಲಿನ ಚೀಲ ಇಳಿಸಿ, "ಇವ್ರದ್ದು ಆದ್ಮೇಲೆ ನಂಗೂ ಐದು," ಅಂದ. "ನಾಲ್ಕು." ದುರ್ಗಮ್ಮ ಮೈದುನನಿಗೆ ಬೈಯುತ್ತಿದ್ದಳು, ಚೀಲದ ಬಾಯಿ ಸರಿಯಾಗಿ ಹಿಡಿಯೋ, ನೆಲಕ್ಕೆ ಬಿತ್ತನೆ ಇಲ್ಲೇ ಮಾಡ್ಬೇಡ. "ಐದು." ಮಹೇಶ್ವರಪ್ಪ ಕಂಬಕ್ಕೆ ವಾಪಸು ಹೋಗಿರಲಿಲ್ಲ. ಗಾದಿಯ ಅಂಚಿಗೇ ನಿಂತಿದ್ದ, ತಾನೂ ಇದ್ದೇನೆ ಎಂಬುದಕ್ಕೆ ಬೆರಳು ಮಡಚಿ ಎಣಿಸುತ್ತಿದ್ದ. ಕಂಬ ಅವನಿಗೆ ಸಾಲದಾಗಿತ್ತು. "ಆರು," ಅಂದ ಪುಟ್ಟಪ್ಪ. ಕೊಳಗ ರಾಶಿಗೆ ಇಳಿಯಿತು, ತುಂಬಿತು, ಎದ್ದಿತು.

"ಏಳು!" ಅಂದ ಮಹೇಶ್ವರಪ್ಪ.

ಪುಟ್ಟಪ್ಪನ ಕೊಳಗ ಗಾಳಿಯಲ್ಲೇ ನಿಂತಿತು. ಪಕ್ಕದ ಅಂಗಡಿಯವನೂ ಕತ್ತು ಚಾಚಿದ. "ಯಾರಿಗಪ್ಪಾ ಏಳು ಅನ್ನಾದು?" ದುರ್ಗಮ್ಮ ಸುತ್ತ ನೋಡಿದಳು. "ನಾನಂತೂ ನಿಂತೇ ಇದೀನಿ." ಜನ ಹೋ ಎಂದು ನಕ್ಕರು. "ಲೆಕ್ಕ ಹೇಳ್ದೆ ಕಣ್ರೀ, ಬರೀ ಲೆಕ್ಕ! ದಾವಣಗೆರೇಲಿ ಹಾಗೇ ಅನ್ನೋದು," ಅಂದ ಮಹೇಶ್ವರಪ್ಪ. ಅವನ ಮುಖ, ಕಿವಿ ಕೆಂಪಾದವು. ನಿಜಕ್ಕೂ ಲೆಕ್ಕವನ್ನೇ ಹೇಳಿದ್ದ. ಆದರೆ ಬೆಳಿಗ್ಗೆಯಿಂದ ಅವನ ನಾಲಿಗೆಯ ಮೇಲೂ ಒಂದು ಮಾತು ಕೂತಿತ್ತು ಅಂತ ಕಾಣುತ್ತದೆ. ತನ್ನದು ಹೊರಗೆ ಬಾರದೆ ಮಾನ ಕಳೆಯಿತು, ಪಾಪ ಅವನದು ಹೊರಗೆ ಬಂದು ಕಳೆಯಿತು ಅಂದುಕೊಂಡಳು ನಿರ್ಮಲ. ಅಂದುಕೊಳ್ಳುತ್ತಿರುವಾಗಲೇ ಅವಳಿಗೆ ತಿಳಿಯಿತು, ತನ್ನ ಎಡಗೈ ಗಾದಿಗೆ ಊರಿದೆ, ಮಂಡಿ ನೆಲ ಬಿಟ್ಟಿದೆ, ತಾನು ಅರ್ಧ ಎದ್ದಿದ್ದೇನೆ.

ಏಳು ಅಂದರೆ ಏಳುವುದು ಅವಳ ಮೈಗೆ ರೂಢಿಯಾಗಿತ್ತು. ಏಳವ್ವ, ಎಷ್ಟು ಹೊತ್ತು ಕೂರ್ತೀಯ, ಏಳು, ಎಂದು ತೀರಿಕೊಂಡ ಗಂಡನ ತಲೆದೆಸೆಯಿಂದ ಅವಳನ್ನು ಎಬ್ಬಿಸಿದ್ದರು. ಯಾರು ಯಾರೋ, ಎರಡೂ ರಟ್ಟೆ ಹಿಡಿದು. ಅವಳು ಎದ್ದಿದ್ದಳು. ಇನ್ನು ಸ್ವಲ್ಪ ಹೊತ್ತು ಕೂರಬೇಕು ಅನ್ನಿಸಿತ್ತು, ಹೇಳಲಿಲ್ಲ. ಆಮೇಲೆ ಮದುವೆ ಮನೆಯ ಸಾಲಿನಿಂದ ಏಳು, ಬಾಗಿಲ ಎದುರಿನಿಂದ ಏಳು. ಪ್ರತಿ ಸಲವೂ ಹೇಳುವವರ ಬಾಯಿ ಮುಚ್ಚುವುದರೊಳಗೆ ಎದ್ದಿರುತ್ತಿದ್ದಳು. ಎಲ್ಲದಕ್ಕೂ ಅವಳು ಬೇಗ. ರಸ್ತೆಯಾಚೆ ಮಾವ ಖಾಲಿ ಲೋಟವನ್ನು ಬೆಂಚಿನ ಮೇಲೆ ಇಟ್ಟದ್ದು ಕಾಣಿಸಿತು. ಅವರು ಅವಳ ಮುಖ ನೋಡುತ್ತಿರಲಿಲ್ಲ. ನೆಲ ಬಿಟ್ಟ ಮಂಡಿಯನ್ನು ನೋಡುತ್ತಿದ್ದರು.

ನಿರ್ಮಲ ನಿಧಾನವಾಗಿ ಕೂತಳು. ಗುಳಿ ಇದ್ದಲ್ಲೇ ಇತ್ತು. ಸೆರಗು ಸರಿಮಾಡಿಕೊಂಡಳು, ಕಿವಿಯ ಬಳಿಯ ಬೆವರನ್ನು ಎಲ್ಲರೂ ನೋಡುತ್ತಿರುವಾಗಲೇ ಒರೆಸಿಕೊಂಡಳು.

"ಮತ್ತೊಂದು," ಅಂದಳು.

"ಮತ್ತೊಂದು!" ಪುಟ್ಟಪ್ಪ ಮಗುಚಿದ.

ಎದುರಿನ ಬೆಂಚಿನಿಂದ ಎದ್ದವರು ಮಾವ. ಪಂಚೆ ಕೊಡವಿಕೊಂಡು, ರಸ್ತೆಯ ಆಚೆಯಿಂದಲೇ, ಸಂತೆಯ ಗದ್ದಲದ ಮೇಲೆ ಕೇಳುವ ಹಾಗೆ ಕೂಗಿದರು: "ಮಹೇಶಾ, ಬಾರಪ್ಪಾ, ಹೋಗೋಣ. ಬಸ್ಸು ಬರೋ ಹೊತ್ತಾತು. ಸಂಜೆವರೆಗೆ ಇಲ್ಲಿ ನಮಗೇನು ಕೆಲಸ?"

"ಎಂಟು," ಅಂದ ಪುಟ್ಟಪ್ಪ.